ಬಟ್ಟೆ ಸುತ್ತಿದ ಸೌಟು

ಬೆಳಿಗ್ಗೆ ಎದ್ದು ಹಿತ್ತಲಿಗೆ ಹೋದರೆ ಮೂಗಿಗೆ ಹೊಗೆಸೊಪ್ಪಿನ ವಾಸನೆ ಬಡಿಯಿತು. ನಮ್ಮ ಮನೆಯಲ್ಲಿ ಹೊಗೆಸೊಪ್ಪು ಹಾಕುವವರು ಯಾರೂ ಉಳಿದಿಲ್ಲ. ನೋಡಿದರೆ ಮೊಮ್ಮಗಳು ಬಟ್ಟೆ ಒಗೆಯುವ ಬಕೆಟ್ಟಿನಲ್ಲಿ ಸೊಪ್ಪು ನೆನೆಹಾಕಿ, ಅದರೊಳಗೆ ಎರಡು ಜೊತೆ ಕಾಲುಚೀಲ ಅದ್ದಿಟ್ಟಿದ್ದಳು. ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು.

"ಏನೇ ಇದು ಗಲೀಜು?" ಅಂದೆ.

"ಟ್ರೆಕ್ಕಿಂಗ್ ಅಜ್ಜಿ. ನಾಲ್ಕು ದಿನ, ಘಟ್ಟದ ಕಾಡು. ಜಿಗಣೆ ಹತ್ಬಾರ್ದು ಅಂದ್ರೆ ಹಿಂಗ್ ಮಾಡ್ಬೇಕಂತೆ. ಗೈಡ್ ಗ್ರೂಪಲ್ಲಿ ಹಾಕಿದಾರೆ."

"ಸುಣ್ಣ ಹಾಕಿದೀಯಾ?"

"ಸುಣ್ಣ ಯಾಕಜ್ಜಿ?"

ಸುಣ್ಣ ಇಲ್ಲದಿದ್ದರೆ ಒಂದು ಹೊಳೆ ದಾಟುವಷ್ಟರಲ್ಲಿ ಸೊಪ್ಪು ತೊಳೆದುಹೋಗುತ್ತದೆ. ಹಾಗಂತ ನನಗೆ ಹೇಳಿಕೊಟ್ಟವರು ನಮ್ಮ ಎದುರುಮನೆ ಮಾವ. ಅವರು ಸತ್ತು ಎಷ್ಟೋ ವರ್ಷವಾಯಿತು. ಆದರೆ ಈ ಬಕೆಟ್ಟು ಕಂಡಾಗಿನಿಂದ ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ. ಕಾಫಿ ಕುಡಿಯಲು ಕೂತೆ, ಎದ್ದೆ. ಹೂ ಬಿಡಿಸಲು ಹೋದೆ, ಅರ್ಧಕ್ಕೆ ಬಿಟ್ಟು ಬಂದೆ. ಮತ್ತೆ ಹೋಗಿ ಬಕೆಟ್ಟು ನೋಡಿದೆ. ಕಾಲಿನ ಬೆರಳ ಸಂದಿಯಲ್ಲಿ ಏನೋ ಹರಿದಾಡಿದ ಹಾಗೆ... ಬಗ್ಗಿ ನೋಡಿಕೊಂಡೆ, ಏನೂ ಇಲ್ಲ.

ಈಗ ಚಂದ್ರಾ ಲೇಔಟ್ ಅನ್ನುವ ಈ ಜಾಗ ಆಗ ರಾಗಿ ಹೊಲ. ನಮ್ಮದು ಮೂವತ್ತು ಮನೆಯ ಊರು. ಮಾಗಡಿ ರಸ್ತೆಗೆ ಹೋಗಿ ನಿಂತರೆ ಬಸ್ಸಿಗಿಂತ ಗಾಡಿಗಳೇ ಹೆಚ್ಚು ಕಾಣುತ್ತಿದ್ದವು. ನಾನು ಮದುವೆಯಾಗಿ ಬಂದಾಗ ಎದುರುಮನೆ ಮಾವನಿಗೆ ಐವತ್ತು ದಾಟಿತ್ತು. ಸಂಬಂಧದಲ್ಲಿ ಮಾವ ಅಲ್ಲ, ಬೀದಿಯ ಲೆಕ್ಕದಲ್ಲಿ ಮಾವ. ಅವರ ಹೆಂಡತಿಯನ್ನು ಅತ್ತೆಮ್ಮ ಅನ್ನುತ್ತಿದ್ದೆ. ಊರಿನ ಗಂಡಸರೆಲ್ಲ ಮಳೆ ನೋಡಿ ಮಾತಾಡಿದರೆ ಇವರು ಮರ ನೋಡಿ ಮಾತಾಡುತ್ತಿದ್ದರು. ಚಿಕ್ಕ ವಯಸ್ಸಿನಲ್ಲೇ ಮನೆ ಬಿಟ್ಟು ಸಕಲೇಶಪುರದ ಆಚೆ ಘಟ್ಟದಲ್ಲಿ ಮರ ಕಡಿಯುವ ಕಡೆ ಇಪ್ಪತ್ತು ವರ್ಷ ಇದ್ದು ಬಂದವರು. ಬಂದ ಮೇಲೆ ಪೇಟೆಯ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ತೋಟದ ಕೆಲಸಕ್ಕೆ ಸೇರಿದ್ದರು. ದಿನಾ ಒಂದೇ ದಾರಿಯಲ್ಲಿ ನಡೆದೇ ಹೋಗುತ್ತಿದ್ದರು, ನಡೆದೇ ಬರುತ್ತಿದ್ದರು.

ಆ ಕಾಲೇಜಿನಲ್ಲಿ ಪ್ರಾಣಿಗಳ ಪಾಠ ಹೇಳುವ ಟೀಚರಮ್ಮ ಒಬ್ಬರಿದ್ದರು. ಮಾವನಿಗೆ ಘಟ್ಟದ ಕಾಡು ಅಂಗೈ ಇದ್ದ ಹಾಗೆ ಅಂತ ಅವರಿಗೆ ಹೇಗೋ ಗೊತ್ತಾಯಿತು. ಅಲ್ಲಿಂದ ಪ್ರತಿ ವರ್ಷ ದೀಪಾವಳಿ ಮುಗಿದು ಮಳೆ ಬಿಟ್ಟ ಮೇಲೆ ಐದಾರು ಹುಡುಗಿಯರನ್ನು ಕಟ್ಟಿಕೊಂಡು ಟೀಚರಮ್ಮ ಕಾಡಿಗೆ ಹೊರಡುತ್ತಿದ್ದರು. ದಾರಿ ತೋರಿಸಲು ಮಾವ, ಅಡಿಗೆಗೆ ಅತ್ತೆಮ್ಮ. ನಾಲ್ಕು ದಿನ ಕಾಡಿನೊಳಗೆ ನಡೆದು, ಐದನೇ ದಿನ ಘಟ್ಟ ಇಳಿದು ಸುಬ್ರಹ್ಮಣ್ಯ ಸೇರುವುದು. ಉಳಿದ ವರ್ಷವೆಲ್ಲ ಮಾವ ಆ ನಾಲ್ಕು ದಿನಕ್ಕಾಗಿಯೇ ಉಸಿರಾಡುತ್ತಿದ್ದರು. ಸಂಜೆ ಜಗಲಿಯ ಮೇಲೆ ಕೂತು ಆ ಹಕ್ಕಿ, ಈ ಹಾವು ಅಂತ ಶುರು ಮಾಡಿದರೆ ಅತ್ತೆಮ್ಮ ಒಳಗಿನಿಂದ, "ಆಯ್ತು, ಕಾಡನ್ನ ಅಲ್ಲೇ ಬಿಟ್ಟು ಉಣ್ಣಕ್ ಬಾ," ಅನ್ನುತ್ತಿದ್ದರು.

ನನಗೆ ಮದುವೆಯಾಗಿ ಮೂರನೇ ವರ್ಷ. ಮಕ್ಕಳಾಗಿರಲಿಲ್ಲ. ಮನೆಯಲ್ಲಿ ಯಾರೂ ಬಾಯಿಬಿಟ್ಟು ಅನ್ನುತ್ತಿರಲಿಲ್ಲ, ಆದರೆ ತೊಟ್ಟಿಲ ಶಾಸ್ತ್ರಕ್ಕೆ ಬೀದಿಯವರನ್ನೆಲ್ಲ ಕರೆದು ನನ್ನನ್ನು ಬಿಡುತ್ತಿದ್ದರು. ಆ ವರ್ಷ ಅತ್ತೆಮ್ಮನ ಮಂಡಿ ಊದಿಕೊಂಡು ಏಳಲಾಗಲಿಲ್ಲ. ಮಾವ ನಮ್ಮ ಮನೆಗೆ ಬಂದು ಬಾಗಿಲಲ್ಲೇ ನಿಂತು ಕೇಳಿದರು, "ಈ ಸಲ ಅಡಿಗೆಗೆ ಇವಳನ್ನ ಕಳ್ಸಿ. ಹೆಣ್ಮಕ್ಳ ಜೊತೆ, ಭಯ ಇಲ್ಲ. ಷಷ್ಠಿ ದಿನ ಸುಬ್ರಹ್ಮಣ್ಯದಲ್ಲಿ ಇರ್ತೀವಿ. ಹರಕೆ ಹೊತ್ಕೊಂಡ್ ಬರ್ಲಿ."

ಹರಕೆ ಅಂದ ಕೂಡಲೇ ಮನೆಯವರು ಒಪ್ಪಿದರು. ಷಷ್ಠಿ ದಿನ ಆ ದೇವರ ಮುಂದೆ ನಿಂತರೆ ಮಕ್ಕಳಾಗುತ್ತವೆ ಅಂತ ನಮ್ಮ ಕಡೆ ಗಟ್ಟಿ ನಂಬಿಕೆ. ಹೊರಡುವ ದಿನ ಅತ್ತೆಮ್ಮ ನನ್ನನ್ನು ಹತ್ತಿರ ಕರೆದು ಒಂದು ಹಿತ್ತಾಳೆ ಸೌಟು ಕೊಟ್ಟರು.

"ತಪ್ಪಲೆ ಬೆನ್ನಿಗೆ ಕಟ್ಕೋ. ಈ ಸೌಟನ್ನ ತಪ್ಪಲೆಗೆ ತಾಗೋ ಹಂಗೆ ನೇತು ಹಾಕ್ಕೋ. ನೀನು ಮುಂದೆ ನಡಿ, ನಿಮ್ ಮಾವ ಹಿಂದೆ ಬರ್ಲಿ."

"ಯಾಕತ್ತೆಮ್ಮ? ದಾರಿ ಗೊತ್ತಿರೋರು ಮುಂದೆ ಇರ್ಬೇಕಲ್ವಾ?"

"ಸದ್ದಿಗೆ ಹಾವು ಹಂದಿ ಸರ್ಕೊಳ್ತವೆ ಕಣೆ. ಹೇಳಿದಷ್ಟು ಮಾಡು."

ಅಷ್ಟೇ ಹೇಳಿದ್ದು. ಮಿಕ್ಕಿದ್ದನ್ನೂ ಹೇಳಿದ್ದರೆ... ಇರಲಿ.

ಅರಸೀಕೆರೆಯಲ್ಲಿ ರೈಲು ಬದಲಿಸಿ ಹಾಸನ, ಅಲ್ಲಿಂದ ಬಸ್ಸಿನಲ್ಲಿ ಸಕಲೇಶಪುರ. ಅಲ್ಲಿಂದ ಮುಂದೆ ಕಾಲೇ ಗತಿ. ಹಾಸಿಗೆ ಸುರುಳಿಗಳನ್ನು ಗಾಡಿಗೆ ಹಾಕಿ ಬಳಸುದಾರಿಯಲ್ಲಿ ರಾತ್ರಿ ತಂಗುವ ಫಾರೆಸ್ಟ್ ಬಂಗಲೆಗೆ ಕಳಿಸಿಬಿಡುತ್ತಿದ್ದರು. ಅಡಿಗೆ ಸಾಮಾನು ಮಾತ್ರ ನಮ್ಮ ಜೊತೆ. ಕಾಡಿನ ಅಂಚಿನಲ್ಲಿ ಮಾವ ಎಲ್ಲರನ್ನೂ ಸಾಲಾಗಿ ಕೂರಿಸಿ ಹೊಗೆಸೊಪ್ಪು ಸುಣ್ಣ ಅರೆದು ಮಂಡಿಯವರೆಗೆ ಬಳಿಯಲು ಹೇಳಿದರು. ಆ ಹುಡುಗಿಯರು ಮೂಗು ಹಿಡಿದುಕೊಂಡು ಕಿಸಿಕಿಸಿ ನಕ್ಕರು.

"ಅಯ್ಯೋ, ಮದುವೆ ಗಂಡು ಈಗ ಬಂದ್ರೆ ಓಡೇ ಹೋಗ್ತಾನೆ ಕಣೇ!"

"ನಿನ್ನ ನೋಡಿದ್ರೆ ಸೊಪ್ಪಿಲ್ದೇನೂ ಓಡ್ತಾನೆ ಬಿಡೇ."

ಹೀಗಂದದ್ದು ಕನ್ನಡಕದ ಹುಡುಗಿ. ಗುಂಪಿನಲ್ಲೇ ಸಣ್ಣವಳು, ಬಾಯಿ ಮಾತ್ರ ದೊಡ್ಡದು. ಅವಳೊಬ್ಬಳು ನನ್ನನ್ನು ಅಕ್ಕಾ ಅನ್ನುತ್ತಿದ್ದಳು. ಮಿಕ್ಕವರು ಏನೂ ಅನ್ನುತ್ತಿರಲಿಲ್ಲ.

ಕಾಡನ್ನು ಹೇಗೆ ಹೇಳಲಿ... ನನಗೆ ಅದು ಹಿಡಿಸಲಿಲ್ಲ. ನಮ್ಮ ಕಡೆ ಎತ್ತ ನೋಡಿದರೂ ಆಕಾಶ ಕಾಣುತ್ತದೆ, ಅಲ್ಲಿ ತಲೆಯೆತ್ತಿದರೆ ಬರೀ ಎಲೆ. ಮಧ್ಯಾಹ್ನವೂ ಮುಸ್ಸಂಜೆಯ ಬೆಳಕು. ಮಳೆ ನಿಂತು ವಾರವಾಗಿದ್ದರೂ ಮರಗಳು ಇನ್ನೂ ತೊಟ್ಟಿಕ್ಕುತ್ತಿದ್ದವು. ಜೀರುಂಡೆಗಳು ಒಟ್ಟಿಗೆ ಕೂಗಲು ಶುರು ಮಾಡಿದರೆ ತಲೆಯೊಳಗೇ ಗರಗಸ ಎಳೆದ ಹಾಗೆ. ನಿಂತರೆ ಜಿಗಣೆ ಹತ್ತುತ್ತದೆ, ನಡೆದರೆ ಬೇರು ಎಡವಿಸುತ್ತದೆ. ಯಾವಾಗ ಕೆಳಗಿಳಿದು ದೇವರ ಮುಂದೆ ನಿಂತೇನೋ ಅನ್ನುವುದೊಂದೇ ನನ್ನ ತಲೆಯಲ್ಲಿ.

ಮಾವ ಮಾತ್ರ ಅಲ್ಲಿ ಬೇರೆಯೇ ಮನುಷ್ಯ. ಊರಲ್ಲಿ ವಯಸ್ಸಾಯಿತು ಅಂತ ಗೋಡೆ ಹಿಡಿದು ನಿಧಾನಕ್ಕೆ ನಡೆಯುವವರು, ಅಲ್ಲಿ ನನ್ನ ಸೌಟಿನ ಠಣ್ ಠಣ್ ಹಿಂದೆ ಎರಡೇ ಹೆಜ್ಜೆ ಬಿಟ್ಟು ಚುರುಕಾಗಿ ಬರುತ್ತಿದ್ದರು. ಎಲ್ಲಿ ತಿರುಗಬೇಕೋ ಅಲ್ಲಿ "ಬಲಕ್ಕೆ", "ಎಡಕ್ಕೆ" ಅನ್ನುತ್ತಿದ್ದರು. ಮರದ ತೊಗಟೆಯನ್ನು ಉಗುರಿನಲ್ಲಿ ಕೆರೆದು ಮೂಸಿ, "ಇದು ಧೂಪದ ಮರ. ಇಲ್ಲಿಂದ ಕೂಗಳತೇಲಿ ನೀರೈತೆ," ಅಂದರೆ ಅಲ್ಲಿ ನೀರಿರುತ್ತಿತ್ತು. ಒಮ್ಮೆ ತಟ್ಟನೆ ನಿಂತು, "ಎಲ್ರೂ ಮೇಲೆ ನೋಡಿ," ಅಂದರು. ಕಮ್ಮಾರನ ತಿದಿ ಒತ್ತಿದ ಹಾಗೆ ಬುಸ್ ಬುಸ್ ಅಂತ ಸದ್ದು. ಮಂಗಟ್ಟೆ ಹಕ್ಕಿ, ಕೊಕ್ಕಿನ ಮೇಲೆ ಇನ್ನೊಂದು ಕೊಕ್ಕು ಕೂರಿಸಿದ ಹಾಗಿತ್ತು, ನಮ್ಮ ತಲೆಯ ಮೇಲೆಯೇ ಹಾರಿಹೋಯಿತು. ನಾವು ನೋಡುವುದಕ್ಕೆ ಮುಂಚೆ ಅವರಿಗೆ ಗೊತ್ತಾಗಿತ್ತು.

"ಇವರದು ಹದ್ದಿನ ಕಣ್ಣು ಕಣೇ," ಅಂತ ಹುಡುಗಿಯರು ಪಿಸುಗುಟ್ಟಿದರು.

"ನನ್ನ ಕನ್ನಡಕ ಇವರ ಪಾದದ ಹತ್ರ ಇಟ್ಟು ಕೈ ಮುಗೀತೀನಿ," ಅಂದಳು ಸಣ್ಣವಳು. ಮಾವ ನಕ್ಕರು.

ಎರಡನೇ ದಿನ ಮಧ್ಯಾಹ್ನ ಹೊಳೆಯ ಪಕ್ಕ ಊಟಕ್ಕೆ ಕೂತೆವು. ಮಾವ ಎಂದಿನ ಹಾಗೆ ಎಲ್ಲರಿಂದ ದೂರ ಒಂದು ಪೊದೆಯ ಬದಿಗೆ ಕೂತಿದ್ದರು. ಅವರ ಮುಂದೆ ಎಲೆ ಹಾಕಿ ಅನ್ನ ಬಡಿಸಿದೆ. ಅವರು ಕೈಯಿಂದ ನೆಲ ಸವರಿದರು. ಎಲೆಯ ಅಂಚು ಸಿಗುವವರೆಗೆ ಸವರಿದರು. ನನಗೆ ಏನೋ ಸರಿಯಿಲ್ಲ ಅನ್ನಿಸಿ ನಿಂತೆ. ಆಗ ಕಂಡಿತು, ಅವರ ಭುಜದ ಪಕ್ಕದ ಕೊಂಬೆಯಲ್ಲಿ ಒಂದು ಹಸಿರು ಹಾವು ಸುರುಳಿ ಸುತ್ತಿ ಕೂತಿದೆ, ತಲೆ ಮೂರು ಮೂಲೆ. ಮಾವ ಅದರ ಕಡೆಗೇ ಮುಖ ತಿರುಗಿಸಿ ತುತ್ತು ಬಾಯಿಗಿಟ್ಟರು. ನಾನು ಅವರ ರಟ್ಟೆ ಹಿಡಿದು ಎಳೆದೆ. ಅನ್ನವೆಲ್ಲ ಚೆಲ್ಲಿತು.

"ಮಾವ, ನಿಮ್ಗೆ ಕಣ್ಣು ಕಾಣ್ಸಲ್ವಾ?"

ಅವರು ಮೊದಲು ಟೀಚರಮ್ಮ ಎಷ್ಟು ದೂರ ಇದ್ದಾರೆ ಅಂತ ಕೇಳಿದರು. ಹೊಳೆಯ ಆಚೆ ಅಂದೆ.

"ಒಂದು ಹೋಗಿ ನಾಲ್ಕು ವರ್ಷ ಆಯ್ತು. ಇನ್ನೊಂದ್ರಲ್ಲಿ ಬೆಳಕು, ಕತ್ಲು ಕಾಣ್ತದೆ ಅಷ್ಟೇ. ಮೆಲ್ಲಗೆ ಮಾತಾಡವ್ವ."

"ಅತ್ತೆಮ್ಮನಿಗೆ ಗೊತ್ತಾ?"

"ಅವಳ ಸೌಟಿನ ಹಿಂದೇನೇ ನಡೀತಿದ್ದೆ. ಸದ್ದು ಮೇಲೆ ಹೋದ್ರೆ ಮೆಟ್ಲು, ಕೆಳಗ್ ಹೋದ್ರೆ ಹಳ್ಳ, ತಡೆದ್ರೆ ಬೇರು. ದಾರಿ ನನ್ ಕಾಲಿಗೆ ಗೊತ್ತು. ಕಾಲಿಡೋ ಜಾಗ ಮಾತ್ರ ಸೌಟು ಹೇಳ್ಬೇಕು."

ನನಗೆ ಕೋಪ ನೆತ್ತಿಗೇರಿತು. ಆರು ಹೆಣ್ಣುಮಕ್ಕಳು, ಟೀಚರಮ್ಮ, ನಾನು, ಇಷ್ಟು ಜನ ಕಣ್ಣಿಲ್ಲದವರೊಬ್ಬರ ಮಾತು ಕೇಳಿ ಘಟ್ಟದ ಅಂಚಿನಲ್ಲಿ ನಡೆಯುತ್ತಿದ್ದೇವೆ. ಗಂಡ ಹೆಂಡತಿ ಸೇರಿ ನನಗೆ ಹರಕೆಯ ಆಸೆ ತೋರಿಸಿ ಕರೆತಂದಿದ್ದಾರೆ. ಮುಚ್ಚಿಡದೆ ಅದನ್ನೇ ಅಂದೆ.

"ಹೌದು ಕಣವ್ವ, ಮೋಸಾನೇ," ಅಂದರು. "ಆದ್ರೆ ಟೀಚರಮ್ಮಂಗೆ ಗೊತ್ತಾದ್ರೆ ನಾಳೆಯಿಂದ ನಾನು ಈ ಕಾಡಿಗೆ ಬರೋ ಹಂಗಿಲ್ಲ. ಊರಲ್ಲಿ ನಾನು ಕುರುಡ. ಇಲ್ಲಿ ಅಲ್ಲ. ಇನ್ನೊಂದೆರಡು ವರ್ಷ..."

ಮಾತು ಅಲ್ಲಿಗೇ ನಿಲ್ಲಿಸಿ, ಚೆಲ್ಲಿದ ಅನ್ನವನ್ನು ಬೆರಳಿನಲ್ಲಿ ಹುಡುಕಿ ಎಲೆಗೆ ಹಾಕಿಕೊಳ್ಳತೊಡಗಿದರು. ನಾನು ಹೇಳುವುದಿಲ್ಲ ಅಂತ ಮಾತು ಕೊಡಲಿಲ್ಲ. ಹೇಳಲೂ ಇಲ್ಲ. ಹಾವಿನ ಕಡೆ ಕಲ್ಲು ಎಸೆದು ಪಾತ್ರೆ ತೊಳೆಯಲು ಹೋದೆ.

ಮೂರನೇ ದಿನ ಬೆಳಿಗ್ಗೆ ಟೀಚರಮ್ಮ ಎಲ್ಲರನ್ನೂ ಬಂಗಲೆಯ ಮುಂದೆ ನಿಲ್ಲಿಸಿದರು. ಅವರಿಗೆ ಬೇಕಾಗಿದ್ದದ್ದು ಸಿಂಗಳೀಕ. ಕಪ್ಪು ಮೈಯ, ಮುಖದ ಸುತ್ತ ಬಿಳಿ ಕೂದಲಿನ ಮಂಗ. ಎರಡು ವರ್ಷದಿಂದ ಕಂಡಿರಲಿಲ್ಲವಂತೆ.

"ಈ ಸಲ ಸಿಂಗಳೀಕ ನೋಡಿ ಬರ್ಕೊಂಡು ಹೋಗ್ದೇ ಇದ್ರೆ ಮುಂದಿನ ವರ್ಷದಿಂದ ಕಾಲೇಜಿನವರು ನಮ್ಮನ್ನ ಕಳ್ಸಲ್ಲ. ಹೆಣ್ಮಕ್ಕಳಿಗೆ ಕಾಡು ಯಾಕೆ ಅಂತ ಈಗ್ಲೇ ಅಂತಿದಾರೆ," ಅಂದರು. ಆಮೇಲೆ ಮಾವನ ಕಡೆ ತಿರುಗಿ, "ಏನಪ್ಪ, ತೋರಿಸ್ತೀಯಾ? ಬೇಕಾದ್ರೆ ಇನ್ನೊಂದು ದಿನ ಕಾಡಲ್ಲೇ ನಿಲ್ಲೋಣ."

ಇನ್ನೊಂದು ದಿನ ನಿಂತರೆ ನನ್ನ ಷಷ್ಠಿ ಕಾಡಿನಲ್ಲೇ ಕಳೆಯುತ್ತದೆ. ನಾನು ಮಾವನ ಮುಖ ನೋಡಿದೆ. ನೋಡಿದರೆ ಅವರಿಗೇನು ಕಾಣುತ್ತದೆ...

"ಆಗ್ಲಿ ಅಮ್ಮಾವ್ರೇ, ನಿಲ್ಲೋಣ," ಅಂದುಬಿಟ್ಟರು.

ಟೀಚರಮ್ಮ ಆಮೇಲೆ ನನ್ನ ಬೆನ್ನಿನ ತಪ್ಪಲೆಗೆ ಕೈ ತೋರಿಸಿದರು. "ನೋಡಮ್ಮ, ಇವತ್ತು ಆ ಸೌಟು ಬಡೀಬಾರ್ದು. ಸಿಂಗಳೀಕ ನಾಚಿಕೆ ಪ್ರಾಣಿ, ಸದ್ದು ಕೇಳಿದ್ರೆ ಹೋಗ್ಬಿಡುತ್ತೆ. ಬಟ್ಟೆ ಸುತ್ತು."

ಮಾವ ಬಾಯಿ ತೆರೆದರು, ಮುಚ್ಚಿದರು. ನಾನು ಹಳೆ ಸೀರೆಯ ಒಂದು ತುಂಡು ತೆಗೆದು ಸೌಟಿಗೆ ಸುತ್ತಿ ಗಂಟು ಹಾಕಿದೆ. ಒಮ್ಮೆ ಅಲ್ಲಾಡಿಸಿ ನೋಡಿದೆ. ಉಸಿರೂ ಇರಲಿಲ್ಲ.

ಬೆಳಗಿನ ಹೊತ್ತು ಹೇಗೋ ನಡೆಯಿತು. ಎಲ್ಲರೂ ನಿಧಾನ ನಡೆಯುತ್ತಿದ್ದರು. ನಾನು ಆಗಾಗ ಕೆಮ್ಮುತ್ತಿದ್ದೆ, ಕಲ್ಲು ಬಂದಲ್ಲಿ ಕಾಲು ಉಜ್ಜುತ್ತಿದ್ದೆ. ಹೊತ್ತು ಏರಿದ ಮೇಲೆ ಮಾವ ನನ್ನ ಬೆನ್ನಿನ ಹಗ್ಗ ಹಿಡಿದು ನಿಲ್ಲಿಸಿದರು. ಟಪ್... ಟಪ್... ದೂರದಲ್ಲಿ ಏನೋ ಬೀಳುತ್ತಿತ್ತು.

"ಅತ್ತಿ ಹಣ್ಣು. ಗಾಳಿಗೆ ಬೀಳ್ತಿರೋದಲ್ಲ, ತಿಂದು ಎಸೀತಿರೋದು," ಅಂತ ಉಸುರಿದರು. ಹಾಗೇ ಬೆರಳು ಎತ್ತಿ, "ಆ ಕಡೆ, ದೊಡ್ಡ ಮರದ ಎಡಗೈ ಕೊಂಬೆ. ನೋಡಿ."

ಬೆರಳು ಎಲ್ಲಿತ್ತೋ ಅಲ್ಲೇ ಇದ್ದವು. ಎಂಟೋ ಹತ್ತೋ. ಮೈಯೆಲ್ಲ ಕರೀ ಮಸಿ, ಮುಖದ ಸುತ್ತ ಎಣ್ಣೆ ಕಾಣದ ನರೆಗೂದಲು. ಮುದುಕರು ಪಂಚಾಯ್ತಿಗೆ ಮರ ಹತ್ತಿ ಕೂತ ಹಾಗೆ. ಟೀಚರಮ್ಮನ ಪೆನ್ಸಿಲ್ ಪುಸ್ತಕದ ಮೇಲೆ ಓಡುತ್ತಿತ್ತು. ಕನ್ನಡಕದ ಹುಡುಗಿಯ ಬಾಯಿ ಮೊದಲ ಸಲ ಮುಚ್ಚಿತ್ತು. ಎಲ್ಲರೂ ಕತ್ತೆತ್ತಿ ನೋಡುತ್ತಿದ್ದರು, ಮಾವನೊಬ್ಬರು ನೆಲ ನೋಡುತ್ತಾ ನಿಂತಿದ್ದರು.

"ಮರಿ ಐತಾ?" ಅಂತ ನನ್ನ ಕಿವಿಯಲ್ಲಿ ಕೇಳಿದರು.

"ಐತೆ. ತಾಯಿ ಹೊಟ್ಟೆ ಹಿಡ್ಕೊಂಡೈತೆ."

"ಅದಕ್ಕೂ ಗಡ್ಡ ಬಂದೈತಾ?"

ನಾನು ಉತ್ತರ ಕೊಡಲಿಲ್ಲ. ಆಗ ನನ್ನ ಎದುರು ಯಾರಾದರೂ ಮರಿ ಅಂದರೆ ಸಾಕು, ಮೈ ಉರಿಯುತ್ತಿತ್ತು.

ಟೀಚರಮ್ಮ ಮಾವನ ಬೆನ್ನು ತಟ್ಟಿದರು. ಹುಡುಗಿಯರು ಹದ್ದಿನ ಕಣ್ಣು, ಹದ್ದಿನ ಕಣ್ಣು ಅಂತ ಸುತ್ತ ಕುಣಿದರು. ಮಾವ ಆ ಹೊಗಳಿಕೆಯನ್ನೆಲ್ಲ ತಲೆ ಬಗ್ಗಿಸಿ ತೆಗೆದುಕೊಂಡರು. ನನಗೆ ಅದು ಸಹಿಸಲಾಗಲಿಲ್ಲ. ಒಂದು ಲೆಕ್ಕ ಮಾತ್ರ ಹೊಳೆಯಿತು: ಮಂಗ ಸಿಕ್ಕಿತಲ್ಲ, ಇನ್ನು ಬೇಗ ಬೇಗ ಇಳಿದರೆ ಸಂಜೆಯೊಳಗೆ ಕೆಳಗಿನ ಬಂಗಲೆ ಮುಟ್ಟಬಹುದು, ಷಷ್ಠಿ ತಪ್ಪುವುದಿಲ್ಲ.

ಇಳಿಯಲು ಶುರು ಮಾಡುವಾಗ ಮಾವ ಹೇಳಿದರು, "ಇನ್ನು ಸದ್ದಾದ್ರೆ ಏನಾಗಲ್ಲ. ಸೌಟು ಬಿಚ್ಕೊ ಮಗ."

ಬಿಚ್ಚಬೇಕಾದರೆ ನಿಲ್ಲಬೇಕು. ಹೊರೆ ಇಳಿಸಬೇಕು, ಮತ್ತೆ ಕಟ್ಟಿಕೊಳ್ಳಬೇಕು. ಹೆಚ್ಚೆಂದರೆ ಒಂದು ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತು. ನಾನು ಅಂದೆ, "ಗಂಟು ಬಿಗಿದೋಗೈತೆ ಮಾವ. ಕೂತಾಗ ಬಿಚ್ತೀನಿ."

"ಹಂಗಾದ್ರೆ ನಿಧಾನಕ್ಕೆ ನಡಿ," ಅಂದರು.

ನಿಧಾನಕ್ಕೆ ನಡೆಯಲಿಲ್ಲ. ಬೆಳಿಗ್ಗೆ ಕೆಮ್ಮುತ್ತಿದ್ದವಳು ಈಗ ಕೆಮ್ಮಲೂ ಇಲ್ಲ. ನೆಲವೆಲ್ಲ ಒದ್ದೆ ಎಲೆ, ಬರಿಗಾಲಿನ ಸದ್ದು ಹುಟ್ಟುವುದಿಲ್ಲ. ಮಂಜು ಬೇರೆ ಇಳಿಯಿತು. ಮಾವನಿಗೆ ನಾನು ಎರಡು ಹೆಜ್ಜೆ ಮುಂದಿದ್ದೇನೋ ಇಪ್ಪತ್ತು ಹೆಜ್ಜೆ ಮುಂದಿದ್ದೇನೋ ತಿಳಿಯುವ ಬಗೆಯೇ ಇರಲಿಲ್ಲ. ದಾರಿ ಒಂದು ಕಡೆ ಎರಡಾಗಿತ್ತು. ನಾನು ಅದನ್ನು ದಾಟಿ ಮುಂದೆ ಹೋಗಿದ್ದೆ. ಮಾವ ಆ ಕವಲಿಗೆ ಬಂದು, ಧೂಪದ ಮರ ಮುಟ್ಟಿ, "ಎಡಕ್ಕೆ," ಅಂತ ಕೂಗಿದರು. ನಾನು ನಿಂತಿದ್ದ ಜಾಗದಲ್ಲೂ ಎಡಕ್ಕೆ ಒಂದು ಜಾಡು ಹೋಗಿತ್ತು, ಹಂದಿಯದೋ ನೀರಿನದೋ. ತಿರುಗಿದೆ. "ಬನ್ನಿ, ಬನ್ನಿ" ಅಂತ ಹುಡುಗಿಯರನ್ನು ಕರೆದೆ. ಕನ್ನಡಕದವಳು ಮಾವನನ್ನು ದಾಟಿ ನನ್ನ ಪಕ್ಕಕ್ಕೆ ಓಡಿಬಂದಳು.

"ಅಕ್ಕಾ, ಇದೇನಕ್ಕಾ ಇಷ್ಟು ಜಾರು..."

ಅಷ್ಟೇ. ಕಾಲ ಕೆಳಗಿನ ಮಣ್ಣು ಕುಸಿಯಿತು. ಮಳೆಗಾಲದಲ್ಲಿ ಜರಿದಿದ್ದ ಇಳಿಜಾರು ಅದು. ನಾನು ಬಳ್ಳಿ ಹಿಡಿದು ನಿಂತೆ, ಅವಳು ಜಾರಿಹೋದಳು. ಎರಡಾಳುದ್ದ ಕೆಳಗೆ ಒಂದು ಮರದ ಬುಡ ಅವಳನ್ನು ತಡೆಯಿತು. ಅದರ ಆಚೆಗೆ ಏನೂ ಇರಲಿಲ್ಲ, ಬರೀ ಮಂಜು. ಅದರ ಕೆಳಗೆ ಎಲ್ಲೋ ನೀರು ಬೀಳುವ ಸದ್ದು.

ಮಾವ ಆ ಕೂಗಾಟ ಕೇಳಿ ಬಂದವರೇ, ಬಳ್ಳಿ ಹಿಡಿದು ಅವಳ ಅಳು ಬಂದ ಕಡೆಗೆ ಕೂತೇ ಇಳಿದರು. ತಮ್ಮ ಹೆಗಲಲ್ಲಿದ್ದ ಹಗ್ಗವನ್ನು ಅವಳ ಸೊಂಟಕ್ಕೆ ಕಟ್ಟಿದರು, ನಾವೆಲ್ಲ ಸೇರಿ ಎಳೆದೆವು. ಜೀವ ಉಳಿಯಿತು. ತೋಳು ಮುರಿದಿತ್ತು. ಕನ್ನಡಕ ಹೋಗಿತ್ತು.

ಟೀಚರಮ್ಮ ಮಾವನ ಮೇಲೆ ಹಾರಿಬಿದ್ದರು. ಅವರು ಹಾಗೆ ಕೂಗಿದ್ದನ್ನು ಅದುವರೆಗೆ ಕೇಳಿರಲಿಲ್ಲ. "ಎಲ್ಲಿಟ್ಟಿದ್ದೆ ನಿನ್ನ ಕಣ್ಣು? ಇದು ದಾರೀನಾ? ಮಂಗ ಕಾಣುತ್ತೆ, ಪ್ರಪಾತ ಕಾಣಲ್ವಾ ನಿಂಗೆ?"

ಮಾವ ಮಣ್ಣಾದ ಕೈಗಳನ್ನು ಪಂಚೆಗೆ ಒರೆಸಿಕೊಳ್ಳುತ್ತಾ ನಿಂತಿದ್ದರು. ಅವರು ನನ್ನ ಹೆಸರು ಹೇಳುತ್ತಾರೇನೋ, ಇವಳೇ ಓಡಿದ್ದು ಅನ್ನುತ್ತಾರೇನೋ ಅಂತ ನಾನು ಅವರ ಬಾಯನ್ನೇ ನೋಡುತ್ತಿದ್ದೆ. ಅವರು ಹೇಳುವುದಕ್ಕೆ ಮುಂಚೆ ನಾನೇ ಹೇಳಿಬಿಟ್ಟೆ.

"ಅವ್ರಿಗೆ ಕಣ್ಣೇ ಇಲ್ಲ ಅಮ್ಮಾವ್ರೇ. ನಾಲ್ಕು ವರ್ಷದಿಂದ ಇಲ್ಲ."

ಟೀಚರಮ್ಮ ಮಾವನ ಮುಖದ ಮುಂದೆ ಕೈ ಆಡಿಸಿದರು. ಮಾವನ ರೆಪ್ಪೆ ಅಲ್ಲಾಡಲಿಲ್ಲ. ಹುಡುಗಿಯರಲ್ಲಿ ಒಬ್ಬಳು ಅಳಲು ಶುರು ಮಾಡಿದಳು.

ಆಗಲೇ ಟೀಚರಮ್ಮ, "ಮೊದ್ಲು ಇವಳ ಕೈ ಕಟ್ಬೇಕು, ಬಟ್ಟೆ ಕೊಡಿ ಯಾರಾದ್ರೂ," ಅಂದರು. ನನಗೆ ಬೇರೇನೂ ತೋಚಲಿಲ್ಲ. ಬೆನ್ನಿಗೆ ಕೈ ಹಾಕಿ ಸೌಟಿನ ಬಟ್ಟೆ ಎಳೆದೆ. ಗಂಟು ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು. ಹೊರೆ ಇಳಿಸಲೂ ಇಲ್ಲ. ಸೌಟು ತಪ್ಪಲೆಗೆ ಬಡಿದು ಠಣ್ ಅಂದಿತು.

ಮಾವ ಆ ಸದ್ದಿನ ಕಡೆ ಮುಖ ತಿರುಗಿಸಿದರು. ಬಹಳ ಹೊತ್ತು ತಿರುಗಿಸಿಕೊಂಡೇ ಇದ್ದರು. ಅವರಿಗೆ ಕಾಣುವುದಿಲ್ಲ ಅಂತ ನಾನೇ ಈಗಷ್ಟೇ ಎಲ್ಲರಿಗೂ ಹೇಳಿದ್ದೆ. ಆದರೂ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಆ ಗಂಟಿನ ವಿಷಯ ಅವರು ಟೀಚರಮ್ಮನಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. "ಹತ್ತಣ. ಹೊತ್ತು ಮುಳುಗೋಕ್ ಮುಂಚೆ ಮೇಲಿನ ಬಂಗಲೆ ಸೇರ್ಬೇಕು," ಅಂದರು ಅಷ್ಟೇ. ಕುರುಡರೆಂದು ಗೊತ್ತಾದ ಮೇಲೂ ನಮಗೆ ಬೇರೆ ಗತಿ ಇರಲಿಲ್ಲ, ದಾರಿ ಗೊತ್ತಿದ್ದದ್ದು ಅವರೊಬ್ಬರಿಗೇ. ನಾನು ಮುಂದೆ, ಸೌಟು ಠಣ್ ಠಣ್, ಹಿಂದೆ ಅವರು. ಎಲ್ಲಿ ಏನಿದೆ ಅಂತ ನಾನು ಬಾಯಿಬಿಟ್ಟು ಹೇಳುತ್ತಿದ್ದೆ, ಎತ್ತ ತಿರುಗಬೇಕು ಅಂತ ಅವರು ಹೇಳುತ್ತಿದ್ದರು. ಬೆಳಕಿರುವಾಗಲೇ ಬಂಗಲೆ ಮುಟ್ಟಿಸಿದರು. ಮಾರನೇ ದಿನ ಹುಡುಗಿಯನ್ನು ಗಾಡಿಯಲ್ಲಿ ಮಲಗಿಸಿಕೊಂಡು ಸಕಲೇಶಪುರಕ್ಕೆ ವಾಪಸು ಹೊರಟೆವು. ಸುಬ್ರಹ್ಮಣ್ಯ ಕಣ್ಣಿಗೆ ಬೀಳಲೇ ಇಲ್ಲ.

ಹಾಸನದ ಸ್ಟೇಷನ್ನಿನಲ್ಲಿ ಟೀಚರಮ್ಮ ಮಾವನ ಪಕ್ಕ ಬೆಂಚಿನ ಮೇಲೆ ಕೂತರು. ಅಂಥವರು ತೋಟದ ಆಳಿನ ಪಕ್ಕ ಕೂತದ್ದನ್ನು ನಾನು ಮೊದಲ ಸಲ ನೋಡಿದ್ದು.

"ನಿನ್ನ ಮೇಲೆ ನಂಗೆ ಕೋಪ ಇಲ್ಲಪ್ಪ. ಆದ್ರೆ ಬೇರೆಯವರ ಮಕ್ಕಳು..."

"ಹೌದು ಅಮ್ಮಾವ್ರೇ," ಅಂದರು ಮಾವ. "ಇವಳು ಹೇಳಿದ್ದು ಒಳ್ಳೇದಾಯ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮುಂದಿನ ವರ್ಷ ದೀಪಾವಳಿ ಕಳೆದ ಮೇಲೆ ಟೀಚರಮ್ಮ ನಮ್ಮೂರಿಗೇ ಬಂದರು. ಬೇರೆ ಯಾರನ್ನೋ ಗೊತ್ತು ಮಾಡಿದ್ದಾರೆ, ದಾರಿ ಬರೆದುಕೊಳ್ಳಬೇಕು ಅಂತ. ಮಾವ ಜಗಲಿಯ ಮೇಲೆ ಕೂತು ಹೇಳಿದರು: ಒದ್ದೆ ಹುತ್ತದ ವಾಸನೆ ಬಂದ ಕಡೆ ಬಲಕ್ಕೆ, ಜೀರುಂಡೆ ಸದ್ದು ತೆಳ್ಳಗಾದ ಕಡೆ ನಿಲ್ಲಬೇಕು, ಅಲ್ಲಿಂದ ಧೂಪ. ಟೀಚರಮ್ಮ ಸ್ವಲ್ಪ ಹೊತ್ತು ಬರೆದುಕೊಂಡರು, ಆಮೇಲೆ ಪುಸ್ತಕ ಮುಚ್ಚಿದರು. ಮಾವ ಅದು ತಿಳಿಯದೆ ಹೇಳುತ್ತಲೇ ಇದ್ದರು. ನಮ್ಮ ಬಾಗಿಲಿನಿಂದ ನನಗೆ ಎರಡೂ ಕಾಣುತ್ತಿತ್ತು.

ಅತ್ತೆಮ್ಮ ನನ್ನ ಜೊತೆ ಮಾತು ಬಿಟ್ಟಿದ್ದರು. ಒಂದೇ ಒಂದು ಸಲ ಬಾವಿಯ ಹತ್ತಿರ ಅಂದರು, "ನಾನು ಎಷ್ಟು ಸಲ ಹೋಗ್ಬಂದೆ. ಒಂದ್ ಸಲಾನೂ ದಾರಿ ತಪ್ಪಿರ್ಲಿಲ್ಲ ಕಣೆ." ನಾನು ಹಗ್ಗ ಬಿಟ್ಟು ಕೊಡ ಎತ್ತಿಕೊಂಡು ಬಂದೆ.

ಮಾವ ಇನ್ನೂ ಮೂರು ವರ್ಷ ಇದ್ದರು. ತೋಟದ ಕೆಲಸವೂ ಬಿಟ್ಟುಹೋಗಿತ್ತು. ಬೆಳಗಿನಿಂದ ಸಂಜೆಯವರೆಗೆ ಜಗಲಿ. ನಮ್ಮ ಒಲೆಯ ಮೇಲೆ ಸೌಟಿನ ಸದ್ದಾದರೆ ಅಲ್ಲಿಂದಲೇ, "ಇವತ್ತು ಹುರುಳಿ ಬಸ್ಸಾರಾ?" ಅನ್ನುತ್ತಿದ್ದರು. ಒಮ್ಮೊಮ್ಮೆ ನಾನು ಸದ್ದಾಗದ ಹಾಗೆ ತಿರುವುತ್ತಿದ್ದೆ. ಹರಕೆ ಹೊರದಿದ್ದರೂ ನನಗೆ ಮಕ್ಕಳಾದವು, ಒಂದರ ಹಿಂದೆ ಒಂದು, ಐದು. ಮೊದಲನೆಯದನ್ನು ಎತ್ತಿಕೊಂಡು ಹೋಗಿ ಮಾವನ ತೊಡೆಯ ಮೇಲೆ ಮಲಗಿಸಿದೆ. ಆ ದಿನ ಹೇಳಿಬಿಡಬೇಕು ಅಂತಲೇ ಹೋಗಿದ್ದೆ.

"ಮಾವ, ಅವತ್ತು ಆ ಗಂಟು..." ಅಂತ ಶುರು ಮಾಡಿದೆ.

ಅವರು ಕೂಸಿನ ತಲೆ ಸವರುತ್ತಿದ್ದರು. "ಅದಿರ್ಲಿ ಬಿಡು. ಅವತ್ತು ನೀನು ಹೇಳ್ಲೇ ಇಲ್ಲ. ಆ ಸಿಂಗಳೀಕದ ಮರಿಗೂ ಗಡ್ಡ ಇತ್ತಾ?"

"ಇರ್ಲಿಲ್ಲ ಮಾವ. ಮುಖ ಬೆಳ್ಳಗಿತ್ತು. ಕಿವಿ ಅಗಲ ಇತ್ತು."

"ಹಂಗಾ," ಅಂದರು. ಅಷ್ಟೇ ಸಾಕಾಗಿತ್ತು ಅವರಿಗೆ. ನನಗೆ ಸಾಕಾಗಲಿಲ್ಲ, ಆದರೆ ಮತ್ತೆ ಬಾಯಿ ಬರಲಿಲ್ಲ.

ಅವರಿಗೆ ಕಣ್ಣಿಲ್ಲ ಅಂತ ಹೇಳಿದ್ದು ತಪ್ಪು ಅಂತ ನಾನು ಇವತ್ತಿಗೂ ಅನ್ನುವುದಿಲ್ಲ. ಆ ಹುಡುಗಿ ಸತ್ತಿದ್ದರೆ ಯಾರ ಕಾಡು ಯಾರಿಗೆ ಬೇಕಿತ್ತು. ಆದರೆ ಅಂದು ದಾರಿ ತಪ್ಪಿಸಿದ್ದು ಅವರ ಕಣ್ಣಲ್ಲ. ಅವರ ಗುಟ್ಟನ್ನು ಏಳು ಜನರ ಮುಂದೆ ಕೂಗಿ ಹೇಳಿದೆ, ನನ್ನದನ್ನು ಒಬ್ಬರ ಮುಂದೆಯೂ ಹೇಳಲಿಲ್ಲ. ಅವರಿಗೆ ಎರಡೂ ಗೊತ್ತಿತ್ತು, ಅವರು ಹೇಳಲಿಲ್ಲ. ಅವರ ಜಗಲಿ ಇದ್ದ ಜಾಗದಲ್ಲಿ ಈಗ ದರ್ಶಿನಿ ಹೋಟೆಲು ಇದೆ. ಬೆಳಗಾದರೆ ಪಾತ್ರೆ ಸೌಟಿನ ಸದ್ದು ನಮ್ಮ ಮನೆಯವರೆಗೆ ಕೇಳುತ್ತದೆ. ಇವತ್ತು ಏನು ಸಾರು ಅಂತ ಕೇಳಲು ಅಲ್ಲಿ ಯಾರೂ ಇಲ್ಲ.

ಇದನ್ನು ಬರೆಯುವಷ್ಟರಲ್ಲಿ ಮೊಮ್ಮಗಳು ಕಾಲುಚೀಲ ಹಿಂಡಿ ಒಣಹಾಕಿದ್ದಳು. ನಾನು ಅವನ್ನು ತೆಗೆದು ಸುಣ್ಣ ಕಲಸಿದ ನೀರಿನಲ್ಲಿ ಮತ್ತೆ ಅದ್ದಿದೆ. ಅವಳು ಬೆನ್ನುಚೀಲ ಹಾಕಿಕೊಂಡು ಕುಣಿದು ತೋರಿಸಿದಳು. ಪಕ್ಕಕ್ಕೆ ಸಿಕ್ಕಿಸಿದ್ದ ಸ್ಟೀಲ್ ಲೋಟ ಬಾಟ್ಲಿಗೆ ಬಡಿದು ಠಣ್ ಠಣ್ ಅಂದಿತು.

"ಇದೊಂದು ಕಿರಿಕಿರಿ. ಅಜ್ಜಿ, ಒಂದು ಬಟ್ಟೆ ಕೊಡಿ, ಸುತ್ತಿಬಿಡ್ತೀನಿ."

"ಬಟ್ಟೆ ಇಲ್ಲ," ಅಂದೆ.

ಬಾಗಿಲ ಪಕ್ಕ ಹಳೆ ಸೀರೆಯ ಗಂಟೇ ಇತ್ತು, ಅವಳಿಗೂ ಕಾಣುತ್ತಿತ್ತು. ನನ್ನ ಮುಖ ನೋಡಿ ಚೀಲದ ಪಟ್ಟಿ ಬಿಗಿದುಕೊಂಡು ಹೊರಟಳು. ಗೇಟು ದಾಟಿ, ದರ್ಶಿನಿ ದಾಟಿ, ಬಸ್ ಸ್ಟಾಪಿನ ತಿರುವಿನವರೆಗೆ ಆ ಸದ್ದು ಕೇಳಿತು. ಆಮೇಲೆ ಕೇಳಲಿಲ್ಲ.